ಸೋಲಿಗರ ಕೂಸು ಸ್ಕೂಲಿಗೆ ಸೇರಿದ್ದು

ಮಗಳ ಸ್ಕೂಲಿನಿಂದ ಫೋನ್ ಬಂದರೆ ನನಗೆ ದಿಗಿಲು. ಅವಳು ಬಿದ್ದಳೇನೋ ಅಂತಲ್ಲ, "ಮೇಡಂ, ನೀವು ಟ್ರೈಬಲ್ ಅಲ್ವಾ..." ಅಂತ ಮಾತು ಶುರುವಾಗುತ್ತೇನೋ ಅಂತ. ಹಾಗೆ ಶುರುವಾದದ್ದು ಒಂದು ಸಲವೂ ನೆಟ್ಟಗೆ ಮುಗಿದಿಲ್ಲ.

ನಾವು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ನಾನು ಬೆಂಗಳೂರಿನ ಹೆಬ್ಬಾಳದಲ್ಲಿ ನರ್ಸು, ಮನೆ ಜಕ್ಕೂರಿನ ಹಳೇ ಊರಲ್ಲಿ. ಚಿಕ್ಕವಳಿದ್ದಾಗ ಹಾಸ್ಟೆಲ್ಲಿನಲ್ಲಿ ನನ್ನ ಮಾತು ಕೇಳಿ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಒಂದು ವರ್ಷ ನಾನು ಬಾಯೇ ಬಿಟ್ಟಿರಲಿಲ್ಲ. ಮಗಳಿಗೆ ಹಾಗಾಗಬಾರದು ಅನ್ನೋದೇ ನನ್ನ ಚಿಂತೆ.

೧. ಅಡ್ಮಿಷನ್

ಆಫೀಸಿನ ಗುಮಾಸ್ತರು ಕಂಪ್ಯೂಟರ್ ಮುಂದೆ ಕೂತು ಕೇಳಿದರು, "ಮದರ್ ಟಂಗ್?"

"ಸೋಲಿಗರ ನುಡಿ ಸಾರ್."

ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹುಡುಕಿದರು. "ಇದರಲ್ಲಿ ಇಲ್ವಲ್ಲಮ್ಮ. ಕನ್ನಡ ಅಂತ ಹಾಕ್ಲಾ?"

ಹೂಂ ಅನ್ನೋಕೆ ಬಾಯಿ ತೆರೆದೆ. ಬೆಟ್ಟದಲ್ಲಿ ಅದೇ ನುಡಿಯಾಡೋ ಅಮ್ಮನ ನೆನಪಾಗಿ "ಬೇಡ ಸಾರ್" ಅಂದೆ. ಹಿಂದೆ ನಿಂತವರು "ಬೇಗ ಕಣ್ರೀ" ಅಂತ ಗೊಣಗಿದರು. ಗುಮಾಸ್ತರು "ಅದರ್ಸ್" ಅಂತ ಒತ್ತಿಬಿಟ್ಟು ಅದನ್ನೇ ಜೋರಾಗಿ ಓದಿದರು. ಮಗಳು ಪಕ್ಕದಲ್ಲೇ ನಿಂತಿದ್ದಳು.

ಮುಂದಿನ ವಾರ ಮಿಸ್ಸು ಮಕ್ಕಳನ್ನೆಲ್ಲ ಮನೇಲಿ ಯಾವ ಭಾಷೆ ಅಂತ ಕೇಳಿದರಂತೆ. ತೆಲುಗು, ತಮಿಳು, ಉರ್ದು ಎಲ್ಲ ಆಯಿತು. ನನ್ನ ಮಗಳು ಎದ್ದು ನಿಂತು ಹೇಳಿದ್ದಾಳೆ: "ನಾವು ಅದರ್ಸ್ ಮಾತಾಡ್ತೀವಿ ಮಿಸ್. ನಮ್ಮಜ್ಜಿಗೆ ಇನ್ನೂ ಚೆನ್ನಾಗ್ ಬರುತ್ತೆ!"

೨. ವೇಷ

ಛದ್ಮವೇಷ ಸ್ಪರ್ಧೆ ಬಂತು. ಮಿಸ್ಸು ಫೋನ್ ಮಾಡಿ, "ನಿಮ್ಮ ಮಗಳಿಗೆ ಟ್ರೈಬಲ್ ಕೊಟ್ಟಿದ್ದೀವಿ ಮೇಡಂ. ನಿಮಗೇನು ಕಷ್ಟ, ಡ್ರೆಸ್ ಮನೇಲೇ ಇರುತ್ತಲ್ಲ" ಅಂದರು.

ಬೀರು ತೆಗೆದು ನೋಡಿದೆ. ಎರಡು ಯೂನಿಫಾರಂ, ನಾಲ್ಕು ಚೂಡಿದಾರ, ಒಂದಷ್ಟು ಸೀರೆ. ಗಾಬರಿಯಾಗಿ ಅಮ್ಮನಿಗೆ ಫೋನ್ ಮಾಡಿದೆ. "ಅವ್ವಾ, ನಮ್ಮ ಕಡೆ ಉಡೋದೇನು?"

"ಸೀರೆ ಕನ ಕೂಸೆ. ಯಾಕೆ, ಬೆಂಗಳೂರ್ನಲ್ಲಿ ಏನ್ ಉಡ್ತಾರೆ?"

ನನ್ನದೇ ಒಂದು ಕಾಟನ್ ಸೀರೆಯನ್ನು ಮಡಚಿ, ಪಿನ್ನು ಹಾಕಿ ಮಗಳಿಗೆ ಉಡಿಸಿ ಕಳಿಸಿದೆ. ಅಲ್ಲಿ ನೋಡಿದರೆ ಬಿಲ್ಡರ್ ಒಬ್ಬರ ಮಗ ಸೊಪ್ಪಿನ ಲಂಗ ಕಟ್ಟಿ, ತಲೆಗೆ ಕೋಳಿ ಪುಕ್ಕ ಸಿಕ್ಕಿಸಿಕೊಂಡು "ಹೂಹೂ" ಅಂತ ಕುಣಿಯುತ್ತಿದ್ದಾನೆ. ಮೊದಲ ಬಹುಮಾನ ಅವನಿಗೇ. ಮಗಳು ಅಳ್ತಾಳೆ ಅಂತ ನಾನು ಕರ್ಚೀಫ್ ತೆಗೆದೆ. ಅವಳು ಎರಡನೇ ಬಹುಮಾನ ಹಿಡಿದು ಓಡಿ ಬಂದಳು. ತೀರ್ಪು ಕೊಟ್ಟ ಬೇರೆ ಮಿಸ್ಸು ಬೆನ್ನು ತಟ್ಟಿ ಹೇಳಿದ್ದರಂತೆ: "ಟೀಚರ್ ವೇಷ ತುಂಬಾ ಚೆನ್ನಾಗಿದೆ ಪುಟ್ಟಾ!"

೩. ಅಜ್ಜಿ ಬಂದಳು

ಈ ವರ್ಷ ಅಜ್ಜಿ-ತಾತಂದಿರ ದಿನಕ್ಕೆ ಅಮ್ಮ ಪೋಡಿನಿಂದ ಬಂದಳು. ಪೋಡು ಅಂದರೆ ಕಾಡಂಚಿನ ನಮ್ಮ ಪುಟ್ಟ ಊರು. "ಅವ್ವಾ, ದಮ್ಮಯ್ಯ, ಅಲ್ಲೇನೂ ಮಾತಾಡಬೇಡ" ಅಂತ ದಾರಿಯುದ್ದಕ್ಕೂ ಹೇಳಿದ್ದೆ. ಅವಳನ್ನೂ ನೋಡಿ ನಕ್ಕುಬಿಟ್ಟರೆ?

ಅಮ್ಮನನ್ನು ಮುಂದಿನ ಸಾಲಲ್ಲೇ ಕೂರಿಸಿದರು. ಅವಳ ಗೌರವಕ್ಕೆ ಅಂತಲೇ ಮಿಸ್ಸು ಮಕ್ಕಳು ಮಾಡಿದ ಚಾರ್ಟ್ ಎತ್ತಿ ಹಿಡಿದು ಓದಿದರು: "ಟ್ರೈಬಲ್ಸ್. ಇವರು ದಟ್ಟ ಕಾಡಿನಲ್ಲಿ ವಾಸಿಸುತ್ತಾರೆ. ಗೆಡ್ಡೆ ಗೆಣಸು ಇವರ ಆಹಾರ. ಇವರಿಗೆ ಓದು ಬರಹವಿಲ್ಲ. ಹೊರಗಿನ ಜಗತ್ತು ತಿಳಿಯದು. ಜನರನ್ನು ಕಂಡರೆ ಓಡಿಹೋಗುತ್ತಾರೆ."

ಅಮ್ಮನ ಕಣ್ಣಲ್ಲಿ ನೀರು. ನಾನು ತಡೆಯುವ ಮೊದಲೇ ಎದ್ದು ಹೋಗಿ ಮಿಸ್ಸಿನ ಕೈ ಹಿಡಿದುಕೊಂಡಳು.

"ಪಾಪ, ಯಾರ ಮಕ್ಕಳೋ ಏನೋ! ಎಲ್ಲವ್ರವ್ವ ಈ ಜನ?"

ಮಿಸ್ಸು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನಮ್ಮ ಪೋಡ್ಗೆ ಕಳ್ಸಿಕೊಡವ್ವ," ಅಂದಳು ಅಮ್ಮ. "ಅಲ್ಲಿ ಸ್ಕೂಲದೆ, ನಾನೇ ಸೇರಿಸ್ತೀನಿ. ಎರಡಕ್ಷರ ಕಲ್ತ್ಕಳ್ಲಿ."