ಭಾಮೈದನ ಮುಖ ಮಾರಿದ್ದು

ಬಿಟ್ಟಿ ತೋರಿಸಿದರೂ ಮನೆಯವರು ನೋಡದ ಫೋಟೋಗಳನ್ನು ಜಗತ್ತು ದುಡ್ಡು ಕೊಟ್ಟು ಕೊಳ್ಳುತ್ತದೆಂದು ನಂಬಲು ಒಂದು ಬಗೆಯ ಮೂರ್ಖತನ ಬೇಕು. ಅದು ನನ್ನಲ್ಲಿ ಧಾರಾಳವಾಗಿತ್ತು. ನಿವೃತ್ತನಾದ ಮೇಲೆ ಬಳ್ಳಾರಿಯ ಮನೆಯಲ್ಲಿ ಕೂತು, ಇಂಟರ್ನೆಟ್ಟಿನಲ್ಲಿ ಫೋಟೋ ಮಾರಿಕೊಡುವ ಏಜೆನ್ಸಿಯೊಂದಕ್ಕೆ ಸೇರಿದೆ. ನಾವು ಚಿತ್ರ ಕಳಿಸಬೇಕು. ಬೇಕಾದವರು ದುಡ್ಡು ಕಟ್ಟಿ ಇಳಿಸಿಕೊಂಡು ಎಲ್ಲಿಗೆ ಬೇಕೋ ಅಲ್ಲಿಗೆ ಅಂಟಿಸಿಕೊಳ್ಳುತ್ತಾರೆ. ಮಂಡಿನೋವು ಮರೆತು ಕೋಟೆಗುಡ್ಡ ಹತ್ತಿ ಸೂರ್ಯೋದಯ ಹಿಡಿದೆ. ‘ಇಂಥವು ನಮ್ಮಲ್ಲಿ ಸಾಕಷ್ಟಿವೆ’ ಎಂದರು. ಕರೂರು ಹಳ್ಳಿಯ ಗದ್ದೆ ಕಳಿಸಿದರೆ ‘ಮಸುಕಾಗಿದೆ’ ಎಂದರು. ಅದು ಬೆಳಗಿನ ಮಂಜು! ಅದಕ್ಕೆಂದೇ ನಾನು ಮೊದಲ ಬಸ್ಸು ಹಿಡಿದಿದ್ದೆ. ಎಲ್ಲೋ ಏಸಿ ಕೋಣೆಯಲ್ಲಿ ಕೂತ ಆ ಪುಣ್ಯಾತ್ಮನಿಗೆ ಮಂಜೂ ಒಂದೇ, ಕೈನಡುಕವೂ ಒಂದೇ.

ಕೊನೆಗೆ ಒಪ್ಪಿದ್ದು ಒಂದನ್ನು. ಕುರುಗೋಡಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ನನ್ನ ಭಾಮೈದ ಬಸವರಾಜ, ಹಲ್ಲುನೋವಿನಿಂದ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ತೆಗೆದದ್ದು. ಫೋಟೋ ಮಾರಲು ಬೇಕಾದ ಒಪ್ಪಿಗೆ ಪತ್ರವನ್ನು ಅವನ ಮುಂದೆ ಹಿಡಿದರೆ, “ಎಲ್ಲಿ ಸಹಿ ಹಾಕಬೇಕು ಹೇಳ್ರಿ ಭಾವ, ಹಾಕಿ ಮಕ್ಕೋತೀನಿ” ಎಂದ. ‘ಚಿಂತೆಯಲ್ಲಿರುವ ಗಂಡಸು’ ಎಂದು ಹೆಸರು ಕೊಟ್ಟು ಏರಿಸಿದೆ. ಮಾರಾಟವಾಯಿತು! ಇಡೀ ಓಣಿಗೆ ಹೇಳಿಕೊಂಡು ತಿರುಗಿದೆ.

ಮೂರು ತಿಂಗಳಾದ ಮೇಲೆ ಬಸವರಾಜನ ಫೋನು ಬಂತು. “ಭಾವ, ನಾ ಯಾವಾಗ ಕುಡಿಯೋದು ಬಿಟ್ಟೀನ್ರಿ?”

“ನೀನು ಕುಡಿದೇ ಇಲ್ಲವಲ್ಲೋ!”

“ಸಿರುಗುಪ್ಪ ಬಸ್ ಸ್ಟ್ಯಾಂಡಿನ ಎದುರಿಗಿ ಬಿಟ್ಟೀನಂತ ಬೋರ್ಡ್ ಹಾಕ್ಯಾರ.”

ಕುಡಿತ ಬಿಡಿಸುವ ಯಾವುದೋ ಕೇಂದ್ರದ ಫ್ಲೆಕ್ಸು, ಅದರಲ್ಲಿ ನಾನು ಮಾರಿದ ಅದೇ ಫೋಟೋ. ಬಸವರಾಜನ ಮಗಳನ್ನು ತಮ್ಮ ಮಗನಿಗೆ ಕೇಳಿದ್ದ ಸಿರುಗುಪ್ಪದ ಮನೆಯವರು ಅದನ್ನು ನೋಡಿ, ಮುಂದಿನ ಮಾತು ನಿಲ್ಲಿಸಿಬಿಟ್ಟಿದ್ದರು. ಹುಡುಗಿ ನನ್ನ ಹೆಂಡತಿಗೆ ಫೋನು ಮಾಡಿ ಅತ್ತಳಂತೆ. ಆ ಹೊತ್ತಿಗೆ ನನ್ನ ಜಂಬವೆಲ್ಲ ಇಳಿಯಿತು.

ಮರುದಿನವೇ ಬಸವರಾಜನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಫೋಟೋ ಮಾರಿದ್ದು ನಾನೆಂದು ಹೇಳಿದ್ದೇ ತಡ, ಹುಡುಗನ ತಾಯಿ ಶಾಂತಮ್ಮ ನೆಟ್ಟಗೆ ವಿಚಾರಣೆಗೇ ಇಳಿದರು.

“ಯಾರಿಗಿ ಮಾರಿದ್ರಿ?”

“ಗೊತ್ತಿಲ್ರಿ.”

“ಯಾಕ ತಗೊಂಡ್ರು?”

“ಅದನ್ನ ಅವರು ಹೇಳೋದಿಲ್ರಿ.”

“ನಾವು ಎಮ್ಮಿ ಮಾರಿದ್ರೂ ತಗೊಂಡೋರ ಕೊಟ್ಟಿಗಿ ನೋಡಿ ಬರ್ತೀವಿ. ನೀವು ಹೆಣ್ಣಿನ ಅಪ್ಪನ್ನ ಹಂಗ ಮಾರಿಬಿಟ್ರಿ?”

ಮೊಬೈಲಿನಲ್ಲಿ ಏಜೆನ್ಸಿಯ ನನ್ನ ಖಾತೆಯ ಪುಟವನ್ನೇ ತೆಗೆದು ತೋರಿಸಿದೆ. ಅಲ್ಲಿ ಬಸವರಾಜನಿದ್ದ, ಕೆಳಗೆ ‘ಚಿಂತೆಯಲ್ಲಿರುವ ಗಂಡಸು’ ಎಂದಿತ್ತು, ಅದರ ಕೆಳಗೆ ನನ್ನ ಹೆಸರು. ಆಕೆ ಬೆರಳಾಡಿಸಿ, ತಿರಸ್ಕೃತವಾಗಿ ಬಿದ್ದಿದ್ದ ಗುಡ್ಡ, ಗದ್ದೆ, ಮೋಕ ಎಂಬ ಊರಲ್ಲಿ ತೆಗೆದ ಎತ್ತುಗಳನ್ನೆಲ್ಲ ನೋಡಿದರು.

“ಇವನ್ನೆಲ್ಲ ಯಾರೂ ತಗೊಂಡಿಲ್ಲೇನ್ರಿ?”

“ಇಲ್ರಿ.”

“ಇದಕ್ಕ ಬೆಳ್ಳಂಬೆಳಗ್ಗಿ ಎದ್ದು ಹೋಗಿದ್ರಾ?”

“ಹೂಂರಿ.”

ಅವರ ಮುಖ ಮೆತ್ತಗಾಯಿತು. ಮೊಬೈಲು ನನ್ನ ಕೈಗಿಟ್ಟು ಬಸವರಾಜನತ್ತ ತಿರುಗಿದರು. “ನಿಮ್ಮ ಮ್ಯಾಲಿನ ಸಂಶಯ ಹೋತ್ರಿ ಬೀಗರ. ಇವರು ಮೊದಲಿಂದನೂ ಹಿಂಗ ಅದಾರೇನು?”

“ಹೌದ್ರಿ” ಎಂದ ನನ್ನ ಭಾಮೈದ, ಒಂದು ಕ್ಷಣವೂ ತಡವರಿಸದೆ.

ಅಲ್ಲಿಗೆ ಸಂಬಂಧ ಉಳಿಯಿತು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಬಂದವು. ಉಳಿದವರನ್ನು ಬಿಟ್ಟು ನನ್ನ ತಟ್ಟೆಗೆ ಮಾತ್ರ ಶಾಂತಮ್ಮನವರು ಇನ್ನೆರಡು ಮಿರ್ಚಿ ಹಾಕಿ, “ತಿನ್ರಿ, ಪಾಪ” ಎಂದರು. ನನಗೆ ಬೇಡವೆನ್ನುವ ಮುಖವಿರಲಿಲ್ಲ, ತಿಂದೆ.