ಮೆಡಿಕಲ್‌ಗೊಂದು ಮುಹೂರ್ತ

ನಗೆಪಾಟಲಿನ ಪ್ರಸಂಗಗಳು ಮೊದಲಿನಿಂದಲೂ ನನ್ನನ್ನು ಹುಡುಕಿಕೊಂಡು ಮನೆಗೇ ಬರುತ್ತವೆ. ವೀಸಾಕ್ಕೆ ಅರ್ಜಿ ಹಾಕಿದ ಮೇಲಂತೂ ಚಪ್ಪಲಿ ಬಿಚ್ಚಿಟ್ಟು ಒಳಗೇ ಬಂದು ಕೂತುಬಿಟ್ಟವು.

ನಾನು ಚಿಂತಾಮಣಿಯ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು, ಮನೆ ಶಿಡ್ಲಘಟ್ಟ. ನನ್ನವಳು ಹೊರದೇಶದಲ್ಲಿ ನರ್ಸ್. ರಜೆ ಹಾಕಿ ಬಂದಳು, ತಾಳಿ ಕಟ್ಟಿಸಿಕೊಂಡಳು, ರಜೆ ಮುಗಿಯಿತು, ಹೋದಳು. ನಾನೂ ಅಲ್ಲೇ ಹೋಗಿ ನೆಲೆಸಬೇಕಾದರೆ ವೀಸಾ ಬೇಕು. ವೀಸಾಕ್ಕೆ ಮೆಡಿಕಲ್, ಅಂದರೆ ಆರೋಗ್ಯ ತಪಾಸಣೆ, ಬೇಕು. ಮೆಡಿಕಲ್ ಬೇಗ ಮಾಡಿಸಿದರೆ ಅದರ ವಾಯಿದೆ ಮುಗಿದುಹೋಗುತ್ತದೆ. ತಡವಾಗಿ ಮಾಡಿಸಿದರೆ ಇಂಟರ್‌ವ್ಯೂ ಹೊತ್ತಿಗೆ ವರದಿ ಬಂದಿರುವುದಿಲ್ಲ. ಎರಡು ವರ್ಷದಿಂದ ಹೆಂಡತಿಯನ್ನು ಫೋನಿನಲ್ಲೇ ನೋಡಿಕೊಂಡಿದ್ದ ನನಗೆ ಈ ಲೆಕ್ಕವೊಂದು ತಪ್ಪದಿದ್ದರೆ ಸಾಕಾಗಿತ್ತು. ಆದರೆ ಅದು ನನ್ನೊಬ್ಬನ ಲೆಕ್ಕವಾಗಿ ಎಲ್ಲಿ ಉಳಿಯಿತು?

ಮಾವನವರ ಮುಂಜಾಗ್ರತೆ

ನಮ್ಮ ಮಾವ ಗೌರಿಬಿದನೂರಿನವರು, ನಿವೃತ್ತ ಗುಮಾಸ್ತರು. ಮಧ್ಯಾಹ್ನದ ರೈಲಿಗೆ ಬೆಳಗಿನ ತಿಂಡಿಯನ್ನು ಸ್ಟೇಷನ್ನಿನಲ್ಲೇ ಕೂತು ತಿನ್ನುವ ಜಾತಿ. ಅರ್ಜಿ ಹೋದ ವಾರವೇ ಬಂದಿಳಿದರು.

"ಏಮಿ ಅಳಿಯೋರೆ, ಮೆಡಿಕಲ್ ಆಯ್ತಾ?"

"ಇಲ್ಲ ಮಾವ. ಇಂಟರ್‌ವ್ಯೂ ಡೇಟ್ ಬಂದ್ಮೇಲೆ ಮಾಡಿಸ್ಬೇಕಂತೆ. ಈಗಲೇ ಮಾಡಿಸಿದ್ರೆ ಎಕ್ಸ್‌ಪೈರಿ ಆಗೋಗತ್ತಂತೆ."

"ಆರೋಗ್ಯಕ್ಕೂ ಎಕ್ಸ್‌ಪೈರೀನಾ?"

"ಹೌದಂತೆ. ನಿಮ್ಮ ಮಗಳೇ ಹೇಳಿದ್ದು."

ಮಾವ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ನಮ್ಮಮ್ಮನ ಕಡೆ ತಿರುಗಿ ಬಹಳ ನೋವಿನಿಂದ ಕೇಳಿದರು: "ಅಲ್ಲ ಬೀಗಿತ್ತಿಯೋರೆ, ನಾನು ಮಗಳನ್ನ ಕೊಟ್ಟಿದ್ದು ಗಂಡಸಿಗೋ, ಹಾಲಿನ ಪ್ಯಾಕೆಟ್ಟಿಗೋ?"

ನಮ್ಮ ಡಾಕ್ಟರು

ಚಿಂತಾಮಣಿಯಲ್ಲಿ ನಮ್ಮ ಶಾಲೆಯ ಹತ್ತಿರ ಒಬ್ಬ ಡಾಕ್ಟರಿದ್ದಾರೆ. ದೇವರಂಥ ಮನುಷ್ಯ. ಮೇಷ್ಟ್ರುಗಳ ಮನೆಯಲ್ಲಿ ಮದುವೆ ಇದ್ದರೆ ಟೈಫಾಯ್ಡ್, ಗೃಹಪ್ರವೇಶಕ್ಕೆ ವೈರಲ್ ಜ್ವರ, ಅಂಬಾಜಿದುರ್ಗದ ಹೊಲದಲ್ಲಿ ರಾಗಿ ಕೊಯ್ಲಾದರೆ ಸೊಂಟನೋವು, ಹೀಗೆ ಎಲ್ಲರ ರಜೆಗೂ ಸರ್ಟಿಫಿಕೇಟು ಕೊಟ್ಟು ಕಾಪಾಡುತ್ತಾ ಬಂದವರು. ಮೆಡಿಕಲ್‌ಗೆ ಬೆಂಗಳೂರಿನಲ್ಲಿ ಗೊತ್ತುಮಾಡಿದ ಆಸ್ಪತ್ರೆಗೇ ಹೋಗಬೇಕು ಎಂದು ನನಗೆ ಗೊತ್ತಿತ್ತು. ಆದರೂ ಅಲ್ಲಿ ಏನೇನು ನೋಡುತ್ತಾರೋ ಎಂಬ ಅಂಜಿಕೆಗೆ, ಮೊದಲು ಇಲ್ಲೊಮ್ಮೆ ತೋರಿಸಿಕೊಳ್ಳೋಣ ಎಂದು ಹೋದೆ.

"ಮೆಡಿಕಲ್ ಬೇಕಿತ್ತು ಸಾರ್" ಎನ್ನುತ್ತಿದ್ದಂತೆ ಅವರು ಪೆನ್ನು ತೆಗೆದರು. "ಹೇಳಪ್ಪ, ಏನ್ ಕಾಯಿಲೆ ಬರೀಲಿ?"

"ಕಾಯಿಲೆ ಏನೂ ಇಲ್ಲ ಅಂತ ಗೊತ್ತಾಗ್ಬೇಕು ಸಾರ್."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಯ್ಯೋ, ಹಂಗಾದ್ರೆ ಪರೀಕ್ಷೆ ಮಾಡ್ಬೇಕಾಗತ್ತಲ್ಲಯ್ಯ!"

ಪರಸ್ಥಾನ

ಕೊನೆಗೆ ಇಂಟರ್‌ವ್ಯೂ ದಿನ ಗೊತ್ತಾಯಿತು. ಅದಕ್ಕೆ ಸರಿಹೊಂದುವ ಹಾಗೆ ಮೆಡಿಕಲ್‌ಗೆ ಸಿಕ್ಕಿದ್ದು ಒಂದೇ ಒಂದು ದಿನ, ಮಂಗಳವಾರ. ತಪ್ಪಿದರೆ ವರದಿ ಸಮಯಕ್ಕೆ ಬರುವುದಿಲ್ಲ, ಇಂಟರ್‌ವ್ಯೂ ಮುಂದಕ್ಕೆ ಹೋಗುತ್ತದೆ, ಎಷ್ಟು ಮುಂದಕ್ಕೆ ಎಂದು ಆ ದೇವರೂ ಹೇಳಲಾರ.

"ಮಂಗಳವಾರ ಯಾರಾದ್ರೂ ಹೊರಡ್ತಾರೇನೋ?" ಎಂದರು ಅಮ್ಮ. ಆಮೇಲೆ ತಾವೇ ಪರಿಹಾರವನ್ನೂ ಹೇಳಿದರು. ಸೋಮವಾರವೇ ಒಳ್ಳೆಯ ಹೊತ್ತಿನಲ್ಲಿ ನನ್ನ ಬ್ಯಾಗನ್ನು ಬೇರೆಯವರ ಮನೆಯಲ್ಲಿಟ್ಟು ಬಂದರೆ ಪ್ರಯಾಣ ಸೋಮವಾರವೇ ಶುರುವಾದ ಹಾಗೆ. ಮಂಗಳವಾರ ಹೋಗುವಾಗ ಅದನ್ನು ಎತ್ತಿಕೊಂಡು ಹೋದರಾಯಿತು. ಇದಕ್ಕೆ ಪರಸ್ಥಾನ ಇಡುವುದು ಎನ್ನುತ್ತಾರೆ. ಸೋಮವಾರ ನಾನು ಪಾಠಕ್ಕೆ ಹೋಗಿದ್ದಾಗ ಅಮ್ಮ ಬ್ಯಾಗನ್ನು ಪಕ್ಕದಲ್ಲಿ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರಣ್ಣನ ಮನೆಯಲ್ಲಿಟ್ಟು ಬಂದರು. ಬರೀ ಬ್ಯಾಗು ಇಟ್ಟರೆ ಶಾಸ್ತ್ರವಾಗುವುದಿಲ್ಲವೆಂದು ಅದರೊಳಗೆ ನನ್ನ ಪಾಸ್‌ಪೋರ್ಟನ್ನೂ ಹಾಕಿದ್ದರು.

ಮಂಗಳವಾರ ಬೆಳಿಗ್ಗೆ ಹೋಗಿ ನೋಡಿದರೆ ಆ ಮನೆಗೆ ಬೀಗ. ಅಣ್ಣನ ಹೆಂಡತಿ ಮಕ್ಕಳು ಕಳವಾರದ ತವರಿಗೆ ಹೋಗಿದ್ದರು, ಅಣ್ಣ ರೇಷ್ಮೆಗೂಡು ಕೊಳ್ಳಲು ಮಾರುಕಟ್ಟೆಗೆ. ಫೋನು ಎತ್ತುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಾರುಕಟ್ಟೆಗೆ ಓಡಿದೆ. ಗೂಡಿನ ರಾಶಿಗಳ ನಡುವೆ ಅಣ್ಣ ಮೊಬೈಲಿನಲ್ಲೇ ಹರಾಜಿನ ಬೆಲೆ ಒತ್ತುತ್ತಾ ನಿಂತಿದ್ದರು.

"ಅಣ್ಣಾ, ಬೀಗದ ಕೈ! ನನ್ನ ಬ್ಯಾಗು!"

"ಗಾಬರಿ ಬೀಳ್ಬೇಡಿ ಮೇಷ್ಟ್ರೆ, ಬ್ಯಾಗ್ ಭದ್ರವಾಗೈತೆ" ಎಂದರು ಅಣ್ಣ, ಫೋನಿನಿಂದ ಕಣ್ಣು ಕೀಳದೆ. "ಅದನ್ನ ಯಾರೂ ಮುಟ್ಟಬಾರ್ದು ಅಂದ್ರಲ್ಲ ನಿಮ್ಮಮ್ಮ, ಬೀರುವಿನಲ್ಲಿಟ್ಟು ಅದರ ಬೀಗದ ಕೈನ ಕಳವಾರಕ್ಕೆ ಕಳಿಸಿದೀನಿ."

ಬಿಪಿ

ಕಳವಾರದಿಂದ ಅವರ ಭಾವಮೈದ ಬೈಕಿನಲ್ಲಿ ಕೀ ತಂದು, ನಾನು ಬೆಂಗಳೂರು ಮುಟ್ಟುವಷ್ಟರಲ್ಲಿ ಆಸ್ಪತ್ರೆಯವರು ಬಾಗಿಲು ಹಾಕಲು ಎದ್ದಿದ್ದರು. ಕೈ ಮುಗಿದೆ. ಒಳಗೆ ಬಿಟ್ಟರು. ಬಿಪಿ ನೋಡಿದ ಸಿಸ್ಟರ್ ಹುಬ್ಬೇರಿಸಿದರು. "ಇದು ಹೀಗೇ ಇದ್ರೆ ಇನ್ನೊಂದ್ ದಿನ ಬರ್ಬೇಕಾಗತ್ತೆ ಸರ್. ಸುಮ್ನೆ ಕೂತ್ಕೊಳಿ, ಮತ್ತೆ ನೋಡ್ತೀನಿ."

ಸುಮ್ಮನೆ ಕೂತೆ. ಇನ್ನೊಂದು ದಿನ ಎಂಬ ಮಾತಿಗೇ ಎದೆ ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಮಾವನ ಫೋನು: "ಅಳಿಯೋರೆ, ಬಿಪಿ ನಾರ್ಮಲ್ಲಾ?" ಇಲ್ಲ ಎಂದೆ. ಸಿಸ್ಟರ್ ಬಂದು ನೋಡಿದರು, ಏರಿತ್ತು. ಮತ್ತೆ ಮಾವ: "ಈಗ?" ಮತ್ತೆ ಏರಿತು. ಮೂರನೆಯ ಸಲ ರಿಂಗಾದಾಗ ಸಿಸ್ಟರ್ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಸರ್, ಇವರಿಗೇನೂ ಕಾಯಿಲೆ ಇಲ್ಲ. ಇರೋದು ನೀವೇ."

ಅದಾಗಿ ಸ್ವಲ್ಪ ಹೊತ್ತಿಗೆ ಬಿಪಿ ಇಳಿಯಿತು, ಮೆಡಿಕಲ್ ಪಾಸಾಯಿತು.

ಮೊದಲ ಆಷಾಢ

ಇಂಟರ್‌ವ್ಯೂ ಕೂಡ ಚೆನ್ನಾಗೇ ಆಯಿತು. ಆದರೆ ವೀಸಾ ಕಚೇರಿಯವರು ಅದೇನೋ ಪರಿಶೀಲನೆಯೆಂದು ತಿಂಗಳುಗಟ್ಟಲೆ ಕೂತರು. ಕೊನೆಗೆ ವೀಸಾ ಕೈಗೆ ಬಂದಾಗ ನೋಡಿದರೆ, ಮೆಡಿಕಲ್‌ನ ವಾಯಿದೆ ಎಲ್ಲಿಯವರೆಗೋ ವೀಸಾದ ಆಯಸ್ಸೂ ಅಲ್ಲಿಯವರೆಗೇ. ಅಷ್ಟರೊಳಗೆ ಆ ದೇಶದ ನೆಲ ಮುಟ್ಟಬೇಕು. ಉಳಿದಿದ್ದ ದಿನಗಳು ಪೂರ್ತಿ ಆಷಾಢದಲ್ಲೇ ಬಿದ್ದಿದ್ದವು.

ಅಮ್ಮ ಪಂಚಾಂಗ ಹಿಡಿದು ಕೂತರು. "ಮೊದಲ ಆಷಾಢದಲ್ಲಿ ಗಂಡ ಹೆಂಡ್ತಿ ಒಂದೇ ಮನೇಲಿರಬಾರ್ದು ಕಣಪ್ಪ."

"ಮದ್ವೆ ಆಗಿ ಎರಡು ವರ್ಷದ ಮೇಲಾಯ್ತಲ್ಲಮ್ಮ!"

"ಮದ್ವೆ ಆಯ್ತು ಕಣೋ, ಸಂಸಾರ ಎಲ್ಲಿ ಮಾಡಿದೀರ? ನಿಮಗೆ ಇದೇ ಮೊದಲ್ನೇದು. ಇನ್ನೊಂದು ಸಲ ಮೆಡಿಕಲ್ ಮಾಡಿಸು, ಶ್ರಾವಣಕ್ಕೆ ಬರೋ ಹಂಗೆ."

ನನಗೆ ಅಳು ಬರುವುದೊಂದು ಬಾಕಿ. ಅಮ್ಮನ ಜೊತೆ ವಾದ ಮಾಡಿ ಗೆದ್ದವರು ನಮ್ಮ ವಂಶದಲ್ಲಿ ಇಲ್ಲ. ಫೋನಿನ ಸ್ಪೀಕರಿನಲ್ಲಿ ನನ್ನವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಅತ್ತೆ" ಎಂದಳು ಮೆಲ್ಲಗೆ. "ನಾನು ಡ್ಯೂಟಿ ಮುಗಿಸಿ ಬಂದು ಒಬ್ಳೇ ಊಟ ಮಾಡ್ತೀನಿ. ಇವರು ಅಲ್ಲಿ ಒಬ್ಬರೇ ಮಾಡ್ತಾರೆ. ಮದ್ವೆ ಆದಾಗಿಂದ ನಮಗೆ ನಡೀತಿರೋದು ಆಷಾಢಾನೇ ಅಲ್ವಾ?"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಂಚಾಂಗದ ಹಾಳೆ ತಿರುವಿ, ಬೆರಳು ಮಡಚಿ ಏನೇನೋ ಲೆಕ್ಕ ಹಾಕಿದರು.

"ಹಂಗ್ ನೋಡಿದ್ರೆ, ನಿಮ್ಮಿಬ್ಬರ್ದು ಮುಂದಿನ ಏಳು ಜನ್ಮದ ಮೊದಲ ಆಷಾಢಾನೂ ಮುಗ್ದೋಯ್ತು ಬಿಡಮ್ಮ" ಎಂದರು ಅಮ್ಮ. "ಇವನ್ನ ಕಳಿಸ್ತೀನಿ, ನೀನೇ ಇಟ್ಕೋ."