ಎರಡನೇ ಡಿಸ್ಕು ಮತ್ತು ನಮ್ಮ ಅತ್ತೆಯ ಕೌದಿ

ನಗುವಂಥದ್ದು ಇನ್ನೇನೂ ಉಳಿದಿಲ್ಲ ಎಂದು ಅಂದುಕೊಂಡು ನಾನು ಸ್ಟುಡಿಯೋದ ಶಟರ್ ಎತ್ತಿದ ದಿನವೇ, ಮಧ್ಯಾಹ್ನದೊಳಗೆ ಯಾರಾದರೂ ಬಂದು ನನ್ನ ಮಾತು ಸುಳ್ಳು ಮಾಡಿ ಹೋಗುತ್ತಾರೆ. ಬರ ಬಿದ್ದ ವರ್ಷಗಳಲ್ಲಂತೂ ಇದು ನಡೆದೇ ಇತ್ತು.

ಭಾಲ್ಕಿಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ. ಮಳೆ ಮೇಲಿಂದ ಮೇಲೆ ಕೈಕೊಟ್ಟ ಮೇಲೆ ಲಗ್ನಗಳು ನಿಂತುಹೋದವು. ಬಂದ ಬೀಗರಿಗೆ ಒಂದು ಚೆಂಬು ನೀರು ಕೊಡಲಾಗದವರು ಊಟಕ್ಕೆ ಯಾರನ್ನು ಕರೆದಾರು? ನನ್ನ ಗಂಡ ದೊಡ್ಡ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಪುಣೆಗೆ ಹೋಗಿ ಅಲ್ಲಿನ ಲಗ್ನದ ವಿಡಿಯೋ ತೆಗೆಯುವವರ ಜೊತೆ ಸೇರಿಕೊಂಡರು. ಇಲ್ಲಿ ಉಳಿದದ್ದು ಅಂಬೆಗಾಲಿಡುವ ಮಗಳು, ಅತ್ತೆ ಮತ್ತು ಕಂಪ್ಯೂಟರ್. ಮೂವರನ್ನೂ ನಾನೇ ನೋಡಿಕೊಳ್ಳಬೇಕು. ಮೂವರಲ್ಲಿ ಗುಂಡಿ ಒತ್ತಿದರೆ ಸುಮ್ಮನಾಗುವುದು ಒಂದೇ.

ಜಲಪಾತದ ಪರದೆ

ಲಗ್ನ ನಿಂತರೂ ಕೆಲಸ ಪೂರ್ತಿ ನಿಲ್ಲಲಿಲ್ಲ. ಊರು ಬಿಡುವವರು ಬರತೊಡಗಿದರು. ಪುಣೆ, ಹೈದರಾಬಾದಿಗೆ ಗಾರೆ ಕೆಲಸಕ್ಕೆ, ವಾಚ್‌ಮನ್ ಕೆಲಸಕ್ಕೆ ಹೋಗುವ ಮೊದಲು ಮನೆಮಂದಿಯೆಲ್ಲ ಒಂದು ಫೋಟೋ ತೆಗೆಸುವುದು ರೂಢಿಯಾಗಿಬಿಟ್ಟಿತು. ಗಂಟುಮೂಟೆ ಬಾಗಿಲಲ್ಲಿಟ್ಟು ಒಳಗೆ ಬಂದು ಸಾಲಾಗಿ ನಿಲ್ಲುವರು. ಹಿಂದೆ ಯಾವ ಪರದೆ ಬಿಡಲಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಜಲಪಾತ.

ಸಾಯಗಾಂವದಿಂದ ಬಂದ ಒಬ್ಬ ಅಜ್ಜಿ, ಮಗ ಸೊಸೆಯ ಜೊತೆ ಹೊರಟವಳು, ಫೋಟೋಕ್ಕೆ ನಿಲ್ಲುವ ಬದಲು ಪರದೆಯನ್ನೇ ನೋಡುತ್ತ ನಿಂತಳು. ಬಣ್ಣದ ನೀರನ್ನು ಬೆರಳಿಂದ ಮುಟ್ಟಿ ನೋಡಿದಳು.

“ಅಜ್ಜಿ, ಈ ಕಡಿ ನೋಡ್ರಿ, ಒಂಚೂರು ನಗ್ರಿ” ಎಂದೆ.

“ಇಷ್ಟು ನೀರು ನಿನ್ನ ಮನ್ಯಾಗ ಮುಚ್ಚಿಟ್ಕೊಂಡು ನಮಗ ಪುಣೆಕ್ಕ ಕಳಸ್ಲತ್ತೀಯಲ್ಲಾ, ನಿನಗ ನಗಿ ಬರ್ತದವ್ವಾ” ಎಂದಳು.

ದೀಪ ಹಿಡಿದವರು

ಹಾಗೆ ಹೋದವರು ಫೋಟೋ ಒಯ್ಯಲು ಬರಲಿಲ್ಲ. “ಅಲ್ಲೇ ಇರ್ಲಿ ವೈನಿ, ತಿರುಗಿ ಬಂದಾಗ ಒಯ್ತೀವಿ” ಎಂದು ರೈಲು ಹತ್ತಿದರು. ಎಲ್ಲರೂ ನಮ್ಮ ಕಂಪ್ಯೂಟರಿನ ಡಿಸ್ಕಿನಲ್ಲೇ ಉಳಿದರು. ಓಣಿ ಖಾಲಿಯಾದಷ್ಟೂ ಡಿಸ್ಕು ತುಂಬಿತು. ಕಡೆಗೊಂದು ದಿನ ಒಂದು ಪಾಸ್‌ಪೋರ್ಟ್ ಫೋಟೋಕ್ಕೂ ಜಾಗ ಇಲ್ಲ ಎಂದಿತು.

ಗಂಡನಿಗೆ ಫೋನ್ ಮಾಡಿದೆ. “ಹಳೇ ಲಗ್ನದ ವಿಡಿಯೋ ಅಳಿಸಿಬಿಡು” ಎಂದರು. ಅತ್ತೆಯ ಕಿವಿಗೆ ಅಷ್ಟು ಬಿದ್ದದ್ದೇ ತಡ, ಕಂಪ್ಯೂಟರಿಗೆ ಬೆನ್ನು ಹಚ್ಚಿ ಕುಳಿತುಬಿಟ್ಟರು.

ಅದಕ್ಕೆ ಕಾರಣವಿತ್ತು. ಮಗ ವಿಡಿಯೋ ತೆಗೆಯಲು ಹೋದಲ್ಲೆಲ್ಲ ಮಾವನವರು ದೊಡ್ಡ ದೀಪ ಹಿಡಿದು ಹಿಂದೆ ನಿಲ್ಲುತ್ತಿದ್ದರು. ದೀಪ ಹಿಡಿದವನ ಮೇಲೆ ಬೆಳಕು ಬೀಳುವುದಿಲ್ಲ. ಅವರು ತೀರಿಕೊಂಡಾಗ ಹಾರ ಹಾಕಲು ಒಂದು ಫೋಟೋ ಹುಡುಕಿದರೆ, ಫೋಟೋ ಸ್ಟುಡಿಯೋದವರ ಮನೆಯಲ್ಲಿ ಫೋಟೋ ಇಲ್ಲ! ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿ ಹಾಕಿದೆವು. ಅದರಲ್ಲಿ ಅವರು ಯಾರನ್ನೋ ಕದ್ದು ನೋಡಿದ ಹಾಗೆ ಕಾಣುತ್ತಾರೆ.

ಆಮೇಲೆ ಒಂದು ಹಳೇ ವಿಡಿಯೋದಲ್ಲಿ ಅವರು ಸಿಕ್ಕರು. ಔರಾದ ಕಡೆಯ ಡಾಬಕಾದಲ್ಲಿ ನಡೆದ ಒಂದು ಲಗ್ನ. ಕ್ಯಾಮೆರಾ ಅಕ್ಷತೆಯಿಂದ ಊಟದ ಪಂಕ್ತಿಯ ಕಡೆ ತಿರುಗುವಾಗ ನಡುವೆ ಮಾವ ಸಿಕ್ಕಿಬಿದ್ದಿದ್ದಾರೆ. ದೀಪ ಸ್ಟ್ಯಾಂಡಿಗೆ ಹಾಕಿ, ಬೆವರು ಒರೆಸಿಕೊಳ್ಳುತ್ತ, ನೇರ ಕ್ಯಾಮೆರಾದ ಕಡೆ ಕೈ ಮಾಡಿ, “ಏ! ವಾಯರ್ ತುಳಿಬ್ಯಾಡ್ರಿ! ಕಾಲ್ ತೆಗಿರಿ!” ಎಂದು ಬೈಯುತ್ತಾರೆ. ಅಷ್ಟೇ. ಮುಂದೆ ಜಿಲೇಬಿ.

ಅತ್ತೆ ದಿನಾ ಊಟವಾದ ಮೇಲೆ ಬಂದು, “ಹಚ್ಚು” ಎನ್ನುವರು. ನಾನು ಆ ವಿಡಿಯೋ ಹಚ್ಚಬೇಕು.

“ಅತ್ತಿ, ಇದರಾಗಿಂದು ಒಂದು ಫೋಟೋ ತೆಗದು ಗ್ವಾಡಿಗಿ ಹಾಕ್ತೀನಿ, ನೋಡ್ಕೊಂಡು ಕೂಡ್ರಿ” ಎಂದೆ ಒಮ್ಮೆ.

“ಫೋಟೋ ಬೈತದೇನು?” ಎಂದರು.

ಡಾಬಕಾದ ಹಕ್ಕಿಗಳು

ಮೊದಲು ಸುಲಭದ ದಾರಿ ನೋಡಿದೆ. ಲಗ್ನ ಆದವರಿಗೆ ನಾವು ಸಿ.ಡಿ. ಮಾಡಿ ಕೊಟ್ಟಿದ್ದೆವಲ್ಲ, ಅದೊಂದು ತರಿಸಿಕೊಂಡರೆ ಸಾಕು. ಡಾಬಕಾದ ಮದುಮಗನಿಗೆ ಫೋನ್ ಹಚ್ಚಿದೆ. ಈಗ ಮದುಮಗನೇನಲ್ಲ, ಎರಡು ಮಕ್ಕಳ ತಂದೆ. ಅವನೂ ಹೈದರಾಬಾದಿಗೆ ಹೊರಡಲು ಗಂಟು ಕಟ್ಟುತ್ತಿದ್ದ.

“ನಿಮ್ಮ ಲಗ್ನದ ಸಿ.ಡಿ. ಅದನಾ ತಮ್ಮಾ?”

“ಅದ ವೈನಿ, ಹೊಲದಾಗ ಅದ.”

“ಹೊಲದಾಗ?”

“ಜ್ವಾಳಕ್ಕ ಹಕ್ಕಿ ಬರ್ತಾವಲ್ಲಾ, ಮಿಂಚಿದ್ರ ಓಡ್ತಾವ ಅಂತ ದಾರಕ್ಕ ಕಟ್ಟೀನಿ. ಜ್ವಾಳನೂ ಬರಲಿಲ್ಲ, ಹಕ್ಕಿನೂ ಬರಲಿಲ್ಲ. ಬಿಸಿಲಿಗಿ ಸಿ.ಡಿ. ಹಪ್ಪಳ ಆಗ್ಯಾದ.”

ಹಿಂದಿನಿಂದ ಅವನ ಹೆಂಡತಿಯ ದನಿ ಕೇಳಿತು: “ನಮ್ಮ ಲಗ್ನ ನೋಡಿ ಹಕ್ಕಿ ಸೈತ ಊರು ಬಿಟ್ಟಾವ ಅಂತ ಹೇಳ್ರಿ ವೈನಿಗಿ!”

ಬೀದರಿನ ಬಸ್ಸು

ಉಳಿದದ್ದು ಒಂದೇ ದಾರಿ. ಇನ್ನೊಂದು ಡಿಸ್ಕು ತಂದು ಅದೇ ಕಂಪ್ಯೂಟರಿಗೆ ಹಾಕುವುದು. ಮಗಳನ್ನು ಸೊಂಟಕ್ಕೇರಿಸಿ ಬೀದರಿಗೆ ಹೋದೆ. ಅಂಗಡಿಯವನು ಡಿಸ್ಕು ಕೈಯಲ್ಲಿ ಹಿಡಿದೇ ಕೇಳಿದ: “ಹಾಕೋರ ಯಾರ್ರೀ?”

“ನಾನೇ.”

“ನಿಮ್ಮ ಯಜಮಾನ್ರು?”

“ಪುಣೆದಾಗ ಹಾರ. ನಾಲ್ಕು ಸ್ಕ್ರೂ ತಿರುಗಿಸ್ಲಾಕ ರೈಲು ಹತ್ತಿ ಬರಬೇಕೇನ್ರಿ?”

ಅವನು ನಕ್ಕು ಕಂಪ್ಯೂಟರಿನ ಡಬ್ಬವೊಂದನ್ನು ತೆರೆದು ತೋರಿಸಿದ. ಎರಡು ಡಿಸ್ಕುಗಳನ್ನು ಒಂದಕ್ಕೊಂದು ಅಂಟಿಸಿ ಕೂರಿಸಬಾರದು, ಒಂದರ ಬಿಸಿ ಇನ್ನೊಂದಕ್ಕೆ ಹತ್ತುತ್ತದೆ, ನಡುವೆ ಒಂದು ಖಾನೆ ಖಾಲಿ ಬಿಡಬೇಕು. ಮುಂದಿನ ಫ್ಯಾನಿನ ಗಾಳಿ ಎರಡಕ್ಕೂ ತಾಗಬೇಕು. ವಾಯರುಗಳನ್ನು ಕಟ್ಟಿ ಪಕ್ಕಕ್ಕೆ ಸರಿಸಬೇಕು. ಧೂಳು ತೆಗೆಯಬೇಕು. “ಒಳಗ ಗಾಳಿಗಿ ಹಾದಿ ಇರಬೇಕು, ಅಷ್ಟೇ” ಎಂದ. ನಮ್ಮ ಮನೆಯಲ್ಲಿ ಮನುಷ್ಯರಿಗೇ ಅಷ್ಟು ಅನುಕೂಲ ಇಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಿಸ್ಕಿನ ಡಬ್ಬಿಯನ್ನು ಎದೆಗವಚಿಕೊಂಡು, ಮಗಳನ್ನು ಪಕ್ಕದ ಹೆಂಗಸಿನ ತೊಡೆಗೆ ದಾಟಿಸಿದೆ. ಅವಳು ಕಣ್ಣರಳಿಸಿ ನೋಡಿದಳು.

“ಏನವ್ವಾ, ಕೂಸಿಗಿ ಮಂದಿ ಕೈಯಾಗ ಕೊಟ್ಟು ಡಬ್ಬಿ ಅಪ್ಕೊಂಡು ಕುಂತೀಯಲ್ಲಾ!”

“ಕೂಸು ಬಿದ್ರ ಅಳ್ತದ, ಎತ್ಕೊಬಹುದು. ಇದು ಬಿದ್ರ ಅಳೋದೂ ಇಲ್ಲ, ಏಳೋದೂ ಇಲ್ಲ” ಎಂದೆ. ಅವಳು ಭಾಲ್ಕಿ ಬರುವವರೆಗೆ ಮಗಳನ್ನು ನನಗೆ ಕೊಡಲಿಲ್ಲ. ಇಂಥ ತಾಯಿಯ ಕೈಗೆ ಹೇಗೆ ಕೊಡುವುದು ಎಂದಿರಬೇಕು.

ಕೌದಿ

ಮರುದಿನ ಪ್ಲಗ್ ಕಿತ್ತು, ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಒಳಗೆ ಒಂದು ಹೊಲಕ್ಕಾಗುವಷ್ಟು ಮಣ್ಣು. ಬ್ರಷ್ಷಿನಿಂದ ಗುಡಿಸಿದೆ. ಹಳೆಯ ಡಿಸ್ಕಿನ ಕೆಳಗೆ ಒಂದು ಖಾನೆ ಬಿಟ್ಟು ಹೊಸದನ್ನು ಕೂರಿಸಿದೆ. ವಾಯರುಗಳನ್ನು ಹಳೆಯ ಲಂಗದ ಲಾಡಿಯಿಂದ ಕಟ್ಟಿ ಬದಿಗೆ ಸರಿಸಿದೆ. ತಗಡು ಮುಚ್ಚಿ ಗುಂಡಿ ಒತ್ತಿದರೆ ಎರಡೂ ಡಿಸ್ಕುಗಳು ಪರದೆಯ ಮೇಲೆ ಬಂದವು. ಹತ್ತನೇ ತರಗತಿಗೇ ನನ್ನ ಶಾಲೆ ಬಿಡಿಸಿದ್ದು ಆ ದಿನ ನನಗೆ ಕೊರತೆ ಅನ್ನಿಸಲೇ ಇಲ್ಲ.

ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಕಾಪಿಗೆ ಹಾಕಿದೆ. ಅಷ್ಟರಲ್ಲಿ ಓಣಿಗೆ ನೀರಿನ ಟ್ಯಾಂಕರ್ ಬಂತು. ಟ್ಯಾಂಕರ್ ಬಂದರೆ ಹೆಣ ಇದ್ದರೂ ಬಿಟ್ಟು ಓಡಬೇಕಾದ ಕಾಲ ಅದು. ಕೊಡ ಎತ್ತಿಕೊಂಡು ಓಡಿದೆ. ಜಗಳಾಡಿ, ಎರಡು ಕೊಡ ತುಂಬಿಸಿಕೊಂಡು ಬಂದು ನೋಡಿದರೆ ಕಂಪ್ಯೂಟರ್ ತಾನೇ ಬಂದ್ ಆಗಿದೆ. ಕಂಪ್ಯೂಟರ್ ಕಾಣುವಂತೆಯೇ ಇರಲಿಲ್ಲ, ಅದರ ಮೇಲೆ ನೆಲದವರೆಗೆ ಒಂದು ಕೌದಿ! ಅತ್ತೆ ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ, ಮಾಘದ ಚಳಿಯಲ್ಲೂ ಬೆವರು ಬರಿಸುವ ಕೌದಿ. ಕಿತ್ತು ಕೈ ಹಚ್ಚಿದರೆ ತಗಡು ರೊಟ್ಟಿ ಹಂಚಿನ ಹಾಗೆ ಸುಡುತ್ತಿತ್ತು.

“ಅತ್ತಿ! ಏನ್ ಮಾಡೀರಿ ಇದು?”

“ಅಷ್ಟು ಧೂಳು ತೆಗದಿ. ಮತ್ತ ಹೊಕ್ಕತದಂತ ಹೊಚ್ಚೀನಿ. ಒಳಗ ಅಂವಾ ಹಾನಲ್ಲಾ.”

“ಉಸರು ಕಟ್ಟತದ್ರಿ ಅದಕ!”

“ಲಗ್ನ ಆದಾಗಿಂದ ಸಾಯೋತನ ನನ್ನ ಕೌದಿ ಹೊಚ್ಕೊಂಡೇ ಮಲಗ್ಯಾನ. ಆಗ ಕಟ್ಟಲಾರದ ಉಸರು ಈಗ ಕಟ್ಟತದೇನು?”

ವಾಯರ್

ಕಂಪ್ಯೂಟರ್ ತಣ್ಣಗಾದ ಮೇಲೆ ಶುರು ಮಾಡಿದರೆ ಹಳೆಯ ಡಿಸ್ಕಿನೊಳಗಿಂದ ಟಕ್ ಟಕ್ ಎಂದು ಸದ್ದು. ಬೀದರಿನ ಅಂಗಡಿಯವನಿಗೆ ಫೋನಿನಲ್ಲಿ ಆ ಸದ್ದನ್ನೇ ಕೇಳಿಸಿದೆ. “ಅಕ್ಕಾ, ಅದು ಹೊಂಟದ. ಬಹಳ ಬೇಕಾಗಿದ್ದು ಮೊದಲ ತಕ್ಕೋರಿ. ಎಲ್ಲಿತನ ನಡಿತದ ಹೇಳ್ಲಾಕ ಆಗಲ್ಲ” ಎಂದ.

ಡಾಬಕಾದ ಲಗ್ನದ ಮೇಲೆ ಮೌಸಿನ ಬಾಣ ಇಟ್ಟೆ. ಅತ್ತೆ ನನ್ನ ಕೈ ಹಿಡಿದರು.

“ಊರು ಬಿಟ್ಟವರದು ಮೊದಲ ತಗಿ.”

“ಅತ್ತಿ, ನಡುವೇ ಬಂದ್ ಬಿದ್ರ ಮಾವನೋರು ಸಿಗಲ್ರಿ.”

“ಅವರು ನಾಳಿ ತಿರುಗಿ ಬಂದು ಕೇಳ್ತಾರ, ನಮ್ಮ ಫೋಟೋ ಎಲ್ಲಿ ಅಂತ. ಇಂವಾ ಎಲ್ಲಿ ಬಂದು ಕೇಳ್ತಾನ?”

ಬಾಣ ಸರಿಸಿದೆ. ಊರು ಬಿಟ್ಟವರ ಫೋಟೋಗಳನ್ನು ಮೊದಲು ಹಾಕಿದೆ. ಜಲಪಾತದ ಮುಂದೆ ನಿಂತವರೆಲ್ಲ ಒಬ್ಬೊಬ್ಬರಾಗಿ ಹೊಸ ಡಿಸ್ಕಿಗೆ ದಾಟತೊಡಗಿದರು. ಸಾಯಗಾಂವದ ಅಜ್ಜಿಯೂ ದಾಟಿದಳು. ಅತ್ತೆ ಬೀಸಣಿಗೆ ತೆಗೆದುಕೊಂಡು ಮುಂದಿನ ಫ್ಯಾನಿಗೆ ಗಾಳಿ ಬೀಸುತ್ತ ಕುಳಿತರು. ಫ್ಯಾನಿಗೆ ಯಾರಾದರೂ ಗಾಳಿ ಬೀಸುತ್ತಾರೆಯೇ ಎಂದು ಬೇರೆ ದಿನವಾದರೆ ಕೇಳುತ್ತಿದ್ದೆ. ಅವರು ತೂಕಡಿಸಿದಾಗ ನಾನೂ ಬೀಸಿದೆ.

ಮಾವನ ಸರದಿ ಕಡೆಗೆ ಬಂತು. ಹಳೆಯ ಡಿಸ್ಕಿನ ಟಕ್ ಟಕ್ ಜೋರಾಯಿತು. ಕಾಪಿ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಒಂದಿಷ್ಟು ಸರಿಯಿತು, ನಿಂತಿತು. ಅತ್ತೆ ಬೀಸಣಿಗೆ ಕೆಳಗಿಟ್ಟು ತಗಡಿನ ಮೇಲೆ ಕೈ ಇಟ್ಟರು, ಜ್ವರ ಬಂದವರ ಹಣೆ ಮುಟ್ಟುವ ಹಾಗೆ. ಪಟ್ಟಿ ಮತ್ತೆ ಸರಿಯಿತು. ಕಡೆಯ ತುದಿ ಮುಟ್ಟಿತು. ಆ ದಿನ ಕಂಪ್ಯೂಟರ್ ಬಂದ್ ಮಾಡಿದ ಮೇಲೆ ಹಳೆಯ ಡಿಸ್ಕು ಎಂದೂ ಎದ್ದೇಳಲಿಲ್ಲ.

ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಬೇಕಲ್ಲ. ಹೊಸ ಡಿಸ್ಕಿನಿಂದ ಹಚ್ಚಿದೆ. ಅತ್ತೆ ಎದ್ದು ಪರದೆಯ ಹತ್ತಿರ ಬಂದು ನಿಂತರು. ಅಕ್ಷತೆ ಬಿತ್ತು. ಕ್ಯಾಮೆರಾ ತಿರುಗಿತು. ಮಾವ ಬೆವರು ಒರೆಸಿಕೊಂಡು, ನೇರ ಅತ್ತೆಯ ಕಡೆ ಕೈ ಮಾಡಿ ಬೈದರು: “ಏ! ವಾಯರ್ ತುಳಿಬ್ಯಾಡ್ರಿ! ಕಾಲ್ ತೆಗಿರಿ!”

ಅತ್ತೆ ಬೆಚ್ಚಿ ಕಾಲು ಎತ್ತಿದರು. ನಾನು ಕೆಳಗೆ ನೋಡಿದೆ. ನಿಜಕ್ಕೂ ಅವರು ಕಂಪ್ಯೂಟರಿನ ವಾಯರ್ ಮೇಲೆಯೇ ನಿಂತಿದ್ದರು. ಗೋಡೆಯ ಪ್ಲಗ್ ಅರ್ಧ ಹೊರಗೆ ಬಂದು ತೂಗುತ್ತಿತ್ತು.

“ಇದ್ದಾಗ ಮಾವನೋರ ಒಂದ್ ಮಾತು ಕೇಳ್ದೋರಲ್ಲ, ಈಗ ಹ್ಯಾಂಗ ಕೇಳಿದ್ರಿ ನೋಡ್ರಿ!” ಎಂದೆ. ನಗು ತಡೆಯಲಾಗಲಿಲ್ಲ. ತೊಟ್ಟಿಲಲ್ಲಿದ್ದ ಮಗಳೂ ಏನೂ ತಿಳಿಯದೆ ನಕ್ಕಳು.

ಅತ್ತೆ ನಗಲಿಲ್ಲ. ಪರದೆಯ ಮೇಲೆ ಆಗಲೇ ಜಿಲೇಬಿ ಬಂದಿತ್ತು. ನಾನು ಬಗ್ಗಿ ಪ್ಲಗ್ ಒಳಗೆ ಒತ್ತಿ ಎದ್ದು ನಿಂತೆ. ಆಗ ಅವರು ಸೀರೆ ತುಸು ಎತ್ತಿ ಹಿಡಿದು, ಎತ್ತಿದ ಕಾಲನ್ನು ಮೆಲ್ಲಗೆ ಮತ್ತೆ ಅದೇ ವಾಯರ್ ಮೇಲೆ ಇಟ್ಟರು.

“ಇನ್ನೊಮ್ಮೆ ಹಚ್ಚು” ಎಂದರು.